‘ಹೋಂ ಅಲೋನ್’ ಚಿತ್ರದಲ್ಲಿ ನಿಜವಾದ ತಪ್ಪು ಯಾವುದು, ನಾವಾಗಿಯೇ ಹೊರಿಸಿದ ತಪ್ಪು ಯಾವುದು?

ಹಳೆಯ ರೀಲು
ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ‘ಹೋಂ ಅಲೋನ್’ ಚಿತ್ರದ ತಪ್ಪುಗಳ ಪಟ್ಟಿಗಳು ಒಂದರ ಬೆನ್ನಿಗೆ ಒಂದು ಬರತೊಡಗುತ್ತವೆ. ಜಾನ್ ಹ್ಯೂಸ್ ಬರೆದು ನಿರ್ಮಿಸಿದ, ಕ್ರಿಸ್ ಕೊಲಂಬಸ್ ನಿರ್ದೇಶಿಸಿದ, 1990ರ ನವೆಂಬರ್ 16ರಂದು ಅಮೆರಿಕದಲ್ಲಿ ತೆರೆಕಂಡ ಈ ಚಿತ್ರದಷ್ಟು ಕೆದಕಿಸಿಕೊಂಡ ಕೌಟುಂಬಿಕ ಹಾಸ್ಯಚಿತ್ರ ಮತ್ತೊಂದು ಇರಲಾರದು. ಕ್ರಿಸ್‌ಮಸ್ ರಜೆಗೆ ಪ್ಯಾರಿಸ್‌ಗೆ ಹೊರಟ ಮನೆಯವರು ಮರೆತು ಬಿಟ್ಟುಹೋದ ಎಂಟು ವರ್ಷದ ಕೆವಿನ್, ಮನೆಗೆ ನುಗ್ಗುವ ಹ್ಯಾರಿ ಮತ್ತು ಮಾರ್ವ್ ಎಂಬ ಕಳ್ಳರನ್ನು ಬಗೆಬಗೆಯ ಬಲೆಗಳನ್ನು ಒಡ್ಡಿ ಎದುರಿಸುವುದೇ ಇದರ ಕಥೆ. ನನ್ನ ತಕರಾರಿರುವುದು ಪಟ್ಟಿ ಮಾಡುವವರ ಮೇಲೆ. ಕಥೆಯೊಳಗಿನ ಲೋಪ, ಚಿತ್ರೀಕರಣದಲ್ಲಿ ಆದ ಎಡವಟ್ಟು, ನೋಡುವವರ ಕಣ್ತಪ್ಪು, ಈ ಮೂರನ್ನೂ ಅವರು ಒಟ್ಟಿಗೆ ಕಲಸಿ ಬಡಿಸುತ್ತಾರೆ.

ಎಲ್ಲರೂ ಎತ್ತುವ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮನೆಯವರೆಲ್ಲ ಪ್ಯಾರಿಸ್‌ಗೆ ಹೊರಟು ಕೆವಿನ್ ಒಬ್ಬನೇ ಉಳಿದುಬಿಟ್ಟರೆ, ವಿಮಾನ ಹತ್ತುವಾಗ ಒಂದು ಟಿಕೆಟ್ ಹೆಚ್ಚುವರಿಯಾಗಿ ಕೈಯಲ್ಲಿ ಉಳಿದು ಯಾರಿಗಾದರೂ ಅನುಮಾನ ಬರಬೇಕಿತ್ತಲ್ಲವೇ ಎಂದು ಕೇಳುತ್ತಾರೆ. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಗಲಾಟೆಯಾಗಿ ಹಾಲು ಚೆಲ್ಲುತ್ತದೆ, ಅಪ್ಪ ಅವಸರದಿಂದ ಮೇಜನ್ನು ಒರೆಸಿ ಒದ್ದೆಯಾದ ಕಾಗದಗಳನ್ನೆಲ್ಲ ಕಸದ ಬುಟ್ಟಿಗೆ ಎಸೆಯುತ್ತಾನೆ, ಅವುಗಳ ನಡುವೆ ಕೆವಿನ್‌ನ ಟಿಕೆಟ್ ಕೂಡ ಹೋಗುತ್ತದೆ. ಕ್ಯಾಮೆರಾ ಅದನ್ನು ಕ್ಷಣಕಾಲ ತೋರಿಸಿಯೂ ತೋರಿಸುತ್ತದೆ. ಇದು ಲೋಪವಲ್ಲ, ಲೋಪವಾಗದಂತೆ ಮೊದಲೇ ಹಾಕಿದ ಹೊಲಿಗೆ. ಹೀಗೆ ಜರಡಿ ಹಿಡಿದರೆ ನಿಜವಾಗಿ ಉಳಿಯುವ ತಪ್ಪುಗಳು ಯಾವುವು ಎಂಬುದು ನನ್ನ ಪ್ರಶ್ನೆ.

ತರ್ಕಶಾಸ್ತ್ರಿ
ದೂರವಾಣಿ ಕೆಟ್ಟಿದೆ ಎಂದು ಹೇಳಿಸಿ, ಅದೇ ದೂರವಾಣಿಯಿಂದ ಹುಡುಗ ಪಿಜ್ಜಾ ತರಿಸಿಕೊಳ್ಳುವುದನ್ನು ತೋರಿಸಿದ ಮೇಲೆ ಬೇರೆ ತಪ್ಪುಗಳನ್ನು ಹುಡುಕುವ ಅಗತ್ಯವೇ ಇಲ್ಲ. ಇದೊಂದೇ ಸಾಕು, ಕಥೆ ಕುಸಿಯುತ್ತದೆ.

ಲೆಕ್ಕದ ಮೇಷ್ಟ್ರು
ದೂರವಾಣಿಯ ಮಾತು ಆಮೇಲೆ ಆಗಲಿ. ತಲೆ ಎಣಿಸುವ ದೃಶ್ಯದಲ್ಲಿ ಲೆಕ್ಕ ತಪ್ಪಿದೆ ಎಂದು ಹಲವರು ಬರೆಯುವುದನ್ನು ನೋಡಿದ್ದೇನೆ, ಆದ್ದರಿಂದ ಕಾಗದ ಪೆನ್ಸಿಲ್ ಹಿಡಿದು ಕೂತು ನೋಡಿದೆ. ಆ ಮನೆಯಲ್ಲಿ ಹದಿನೈದು ಜನ ಇದ್ದಾರೆ ಎಂದು ತಾಯಿ ಕೇಟ್ ಮೊದಲೇ ಹೇಳುತ್ತಾಳೆ. ದೊಡ್ಡವರು ನಾಲ್ಕು ಜನ, ಮಕ್ಕಳು ಹನ್ನೊಂದು. ಕೆವಿನ್‌ನ ಮನೆಯ ಮಕ್ಕಳು ಬಜ್, ಜೆಫ್, ಮೇಗನ್, ಲಿನ್ನೀ ಮತ್ತು ಕೆವಿನ್, ಒಟ್ಟು ಐದು. ಫ್ರಾಂಕ್ ಚಿಕ್ಕಪ್ಪನ ಮಕ್ಕಳು ಐದು. ಪ್ಯಾರಿಸ್‌ನಲ್ಲಿರುವ ಇನ್ನೊಬ್ಬ ಚಿಕ್ಕಪ್ಪನ ಮಗಳು ಹೆದರ್ ಒಬ್ಬಳು. ಅವರಲ್ಲಿ ಹುಡುಗರು ಐದು, ಹುಡುಗಿಯರು ಆರು. ಬೆಳಿಗ್ಗೆ ವ್ಯಾನಿನ ಬಳಿ ನಿಂತು ಹೆದರ್ ಕೂಗಿ ಹೇಳುವುದೂ ಇದೇ ಲೆಕ್ಕ. ಐದನೆಯ ಹುಡುಗನ ಜಾಗದಲ್ಲಿ ಚೀಲಗಳನ್ನು ಕೆದಕುತ್ತ ಬೆನ್ನು ಹಾಕಿ ನಿಂತಿದ್ದ ಎದುರುಮನೆಯ ಹುಡುಗ ಮಿಚ್ ಮರ್ಫಿ ಸೇರಿಕೊಂಡ ಕಾರಣ ಒಟ್ಟು ಮೊತ್ತ ಸರಿಯಾಗಿಯೇ ಬರುತ್ತದೆ. ಬರೆದವರು ಹುಡುಗ ಹುಡುಗಿಯರನ್ನು ಬೇರೆಬೇರೆಯಾಗಿ ಹೊಂದಿಸಿದ್ದಾರೆ ಎಂದ ಮೇಲೆ ಅವರನ್ನು ಅಜಾಗರೂಕರು ಎನ್ನುವುದು ಅನ್ಯಾಯ.

ವಿಮಾನದೊಳಗೂ ಹಾಗೆಯೇ. ದೊಡ್ಡವರು ನಾಲ್ವರೂ ಮೊದಲ ದರ್ಜೆಯಲ್ಲಿ, ಮಕ್ಕಳೆಲ್ಲ ಹಿಂದೆ. ಒಂದು ಸೀಟು ಖಾಲಿ ಉಳಿದರೆ ಅದನ್ನು ನೋಡಬೇಕಾದ ತಂದೆ ತಾಯಿ ಅಲ್ಲಿರುವುದೇ ಇಲ್ಲ.

ಶರಾವತಿ ತೀರ
ಟಿಕೆಟ್ ಕಸದ ಬುಟ್ಟಿಗೆ ಹೋಯಿತು ಎಂದು ಒಪ್ಪೋಣ. ಪಾಸ್‌ಪೋರ್ಟ್ ಎಲ್ಲಿ ಹೋಯಿತು? ವಿದೇಶಕ್ಕೆ ಹೋಗುವ ಕುಟುಂಬದ ಬಳಿ ಹದಿನೈದು ಪಾಸ್‌ಪೋರ್ಟ್ ಇದ್ದು, ಜನ ಹದಿನಾಲ್ಕೇ ಇದ್ದರೆ, ಚಿಕಾಗೋದಲ್ಲಾಗಲಿ ಪ್ಯಾರಿಸ್‌ನಲ್ಲಾಗಲಿ ಒಬ್ಬ ಅಧಿಕಾರಿಯೂ ಕೇಳುವುದಿಲ್ಲವೇ?

ಹಳೆಯ ರೀಲು
@ಶರಾವತಿ ತೀರ, ಆ ಪ್ರಶ್ನೆ ನ್ಯಾಯವಾದದ್ದೇ. ಒದ್ದೆಯಾದ ಪಾಸ್‌ಪೋರ್ಟ್ ಮತ್ತು ಟಿಕೆಟ್‌ಗಳನ್ನು ಒಣಗಲೆಂದು ಮೈಕ್ರೋವೇವ್ ಒಲೆಯಲ್ಲಿ ಇಟ್ಟಿದ್ದೇನೆಂದು ಮಾರನೆಯ ಬೆಳಿಗ್ಗೆ ಅಪ್ಪ ಹೇಳುತ್ತಾನೆ. ಅಲ್ಲಿಗೆ ಚಿತ್ರ ಆ ವಿಷಯವನ್ನು ನಗೆಯಲ್ಲಿ ತೇಲಿಸಿಬಿಡುತ್ತದೆ. ಬಾಗಿಲು ಮುಚ್ಚುವ ಹೊತ್ತಿಗೆ ಓಡಿಬಂದ ದೊಡ್ಡ ಕುಟುಂಬವನ್ನು ಚಿಕಾಗೋದಲ್ಲಿ ಅವಸರವಾಗಿ ಒಳಗೆ ಬಿಟ್ಟರು ಎಂದು ನಂಬಬಹುದು, ಪ್ಯಾರಿಸ್‌ನ ತಪಾಸಣೆಗೆ ಸಮರ್ಥನೆ ಸಿಗುವುದಿಲ್ಲ. ಆದರೆ ಗಮನಿಸಿ, ಅಷ್ಟು ಹೊತ್ತಿಗೆ ತಾಯಿಗೆ ವಿಮಾನದೊಳಗೇ ನೆನಪಾಗಿರುತ್ತದೆ, ಹಾಗಾಗಿ ಕಥೆಗೆ ಅದರಿಂದ ತೊಂದರೆಯಿಲ್ಲ.

ನಿವೃತ್ತ ದೂರವಾಣಿ
ತರ್ಕಶಾಸ್ತ್ರಿಗಳು ಅಷ್ಟು ಸುಲಭವಾಗಿ ಕಥೆಯನ್ನು ಕುಸಿಯಿಸುವುದು ಬೇಡ. ನಾನು ದೂರವಾಣಿ ಇಲಾಖೆಯಲ್ಲಿ ಲೈನ್ ದೋಷ ನೋಡುವ ಕೆಲಸ ಮಾಡಿ ನಿವೃತ್ತನಾದವನು. ಮಳೆಗಾಲ ಹಿಡಿಯಿತೆಂದರೆ ನಮಗೆ ಅತಿ ಹೆಚ್ಚು ಬರುತ್ತಿದ್ದ ದೂರುಗಳಲ್ಲಿ ಒಂದು ಹೀಗಿರುತ್ತಿತ್ತು: “ನಾವು ಮಾಡಿದರೆ ಹೋಗುತ್ತದೆ ಸ್ವಾಮಿ, ಹೊರಗಿನಿಂದ ಮಾತ್ರ ಬರುವುದಿಲ್ಲ.” ಇದರಲ್ಲಿ ಮಾಯವೇನೂ ಇಲ್ಲ. ಡಯಲ್ ಟೋನ್ ಮತ್ತು ಮಾತು ನಡೆಯುವುದು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ಮೇಲೆ. ಗಂಟೆ ಬಾರಿಸಲು ಅದರ ಜೊತೆಗೆ ಬೇರೆ ಎಸಿ ವಿದ್ಯುತ್ ಕಳುಹಿಸಬೇಕಾಗುತ್ತದೆ, ಅದು ನಮ್ಮಲ್ಲಿ ಸುಮಾರು 75 ವೋಲ್ಟ್, ಅಮೆರಿಕದಲ್ಲಿ ಸುಮಾರು 90 ವೋಲ್ಟ್. ತಂತಿಯ ಜೋಡಿಯಲ್ಲಿ ನೀರು ಸೇರಿ ಸೋರಿಕೆಯಾಗುತ್ತಿದ್ದರೆ, ಗಂಟೆಯ ವೋಲ್ಟೇಜ್ ತಂತಿಗೆ ಬಂದ ಕೂಡಲೇ ರಿಸೀವರ್ ಎತ್ತಿದರೆಂದು ಎಕ್ಸ್‌ಚೇಂಜ್ ಭಾವಿಸಿ ಗಂಟೆಯನ್ನು ನಿಲ್ಲಿಸಿಬಿಡುತ್ತದೆ. ಒಳಗಿನಿಂದ ಹೊರಗೆ ಕರೆ ಮಾಡುವವರಿಗೆ ಮಾತ್ರ ಕರಕರ ಸದ್ದಿನ ನಡುವೆಯೂ ಸಂಪರ್ಕ ಸಿಗುತ್ತದೆ.

ಇನ್ನು ಚಿತ್ರವನ್ನು ನೋಡಿ. ಪ್ಯಾರಿಸ್‌ನಿಂದ ತಾಯಿ ಎಷ್ಟು ಪ್ರಯತ್ನಿಸಿದರೂ ಆ ಮನೆಗೆ ಕರೆ ಹೋಗುವುದಿಲ್ಲ. ಹುಡುಗ ಪಿಜ್ಜಾ ಅಂಗಡಿಗೆ ಕರೆ ಮಾಡುತ್ತಾನೆ, ಕೊನೆಯಲ್ಲಿ ಪೊಲೀಸರಿಗೂ ಮಾಡುತ್ತಾನೆ, ಎರಡೂ ಹೋಗುತ್ತವೆ. ಬಂದ ಕರೆ ಒಂದೂ ಇಲ್ಲ, ಹೋದ ಕರೆ ಎರಡು.

ತರ್ಕಶಾಸ್ತ್ರಿ
ನಿಮ್ಮ ವಿವರಣೆ ಚೆನ್ನಾಗಿದೆ ಸರ್, ಆದರೆ ಅದು ನಿಮ್ಮದು, ಚಿತ್ರದ್ದಲ್ಲ. ಚಿತ್ರದಲ್ಲಿ ಕೆಲಸಗಾರ ಬಂದು ವಿದ್ಯುತ್ ಸರಿಯಾಗಿದೆ, ದೂರವಾಣಿ ಸರಿಯಾಗಲು ಇನ್ನೂ ಒಂದೆರಡು ದಿನ ಬೇಕು ಎಂದು ಮಾತ್ರ ಹೇಳುತ್ತಾನೆ. ಸೋರಿಕೆಯ ಸುದ್ದಿಯನ್ನು ಅವನು ಎಲ್ಲಿಯೂ ಎತ್ತುವುದಿಲ್ಲ. ಪ್ರೇಕ್ಷಕ ನಿವೃತ್ತ ಎಂಜಿನಿಯರ್ ಆಗಿದ್ದರೆ ಮಾತ್ರ ಅರ್ಥವಾಗುವ ಕಥೆಯನ್ನು ಮಕ್ಕಳ ಚಿತ್ರದಲ್ಲಿ ಇಡುತ್ತಾರೆಯೇ?

ನಿವೃತ್ತ ದೂರವಾಣಿ
ಲೋಪ ಎಂದರೆ ನಡೆಯಲು ಸಾಧ್ಯವಿಲ್ಲದ್ದು. ಇದು ನಡೆಯಲು ಸಾಧ್ಯವಿರುವಂಥದ್ದು, ದಿನವೂ ನಡೆಯುತ್ತಿದ್ದದ್ದು. ನಾನು ಹೇಳಿದ್ದು ಅಷ್ಟೇ.

ಕರಾವಳಿ ಕುವರಿ
ಇಬ್ಬರೂ ಒಂದು ಸೂಕ್ಷ್ಮವನ್ನು ಬಿಟ್ಟಿರಿ. ಎದುರುಮನೆಯ ಮರ್ಫಿಯವರ ದೂರವಾಣಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆ ಮನೆಯನ್ನು ಕಳ್ಳರು ದೋಚುತ್ತಿರುವಾಗಲೇ ಆನ್ಸರಿಂಗ್ ಮಷೀನಿನಲ್ಲಿ ಕೆವಿನ್‌ನ ಅಪ್ಪನ ಧ್ವನಿ ಬರುತ್ತದೆ, ಇವರೆಲ್ಲ ಪ್ಯಾರಿಸ್‌ನಲ್ಲಿದ್ದಾರೆಂದು ಹ್ಯಾರಿ ಮತ್ತು ಮಾರ್ವ್‌ಗೆ ತಿಳಿಯುವುದು ಅದರಿಂದಲೇ. ಬೀದಿಯ ತಂತಿ ಸಂಪೂರ್ಣ ಕಡಿದುಹೋಗಿಲ್ಲ, ಕೆಟ್ಟದ್ದು ಒಂದೊಂದು ಮನೆಯ ಲೈನ್ ಎಂಬುದಕ್ಕೆ ಚಿತ್ರದೊಳಗೇ ಸಾಕ್ಷ್ಯವಿದೆ. ಕಥೆಗೆ ಬೇಕಾದಾಗ ಮಾತ್ರ ಗಂಟೆ ಬಾರಿಸುವ ದೂರವಾಣಿ ಎಂದು ನೀವು ಹಾಸ್ಯ ಮಾಡಬಹುದು, ನಾನು ಬೇಡವೆನ್ನುವುದಿಲ್ಲ.

ಎಡಿಟಿಂಗ್ ಮೇಜು
ಕಥೆಯ ಲೋಪದಲ್ಲೇ ಎಲ್ಲರೂ ಸಿಕ್ಕಿಹಾಕಿಕೊಂಡಿರಿ, ಚಿತ್ರೀಕರಣದ ಎಡವಟ್ಟುಗಳನ್ನು ಯಾರೂ ಮುಟ್ಟಲಿಲ್ಲ. ನನ್ನ ಮಟ್ಟಿಗೆ ಕಣ್ಣಿಗೆ ಹೊಡೆಯುವ ಎಡವಟ್ಟು ಒಂದೇ, ಕೆವಿನ್ ಮನೆಯ ಮೇಲಿನ ಕಿಟಕಿಯಿಂದ ಮರದ ಮೇಲಿನ ಪುಟ್ಟ ಮನೆಗೆ ಹಗ್ಗದ ಮೇಲೆ ಜಾರಿಕೊಂಡು ಹೋಗುವ ದೃಶ್ಯ. ಅಲ್ಲಿ ಜಾರುವವನು ಡ್ಯೂಪ್ ಎಂಬುದನ್ನು ತಿಳಿಯಲು ಚಿತ್ರವನ್ನು ನಿಲ್ಲಿಸಿ ನೋಡಬೇಕಾಗಿಯೇ ಇಲ್ಲ, ಭುಜದ ಅಗಲ ಮತ್ತು ಕಾಲಿನ ಉದ್ದ ಎಂಟು ವರ್ಷದ ಹುಡುಗನದಲ್ಲ. 1990ರಲ್ಲಿ ಮುಖ ಬದಲಿಸುವ ಕಂಪ್ಯೂಟರ್ ಕೈಚಳಕ ಇರಲಿಲ್ಲ, ಅಂಥ ಎತ್ತರದಲ್ಲಿ ಮಗುವನ್ನು ತೂಗುಹಾಕಲೂ ಆಗದು.

ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಬಾಲ ಕಲಾವಿದರ ಕೆಲಸದ ನಿಯಮಗಳಿಂದಾಗಿ ಕೆವಿನ್ ಪಾತ್ರದ ಮೆಕಾಲೆ ಕಲ್ಕಿನ್ ರಾತ್ರಿ 10 ಗಂಟೆಯ ನಂತರ ಚಿತ್ರೀಕರಣದಲ್ಲಿ ಇರುವಂತಿರಲಿಲ್ಲ, ಚಿತ್ರದ ಕೊನೆಯ ಭಾಗವೋ ಇಡೀ ಒಂದು ರಾತ್ರಿಯದು. ಹುಡುಗ ಮತ್ತು ಕಳ್ಳರು ಒಂದೇ ಚೌಕಟ್ಟಿನಲ್ಲಿ ಎಷ್ಟು ಕಡಿಮೆ ಕಾಣಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿದರೆ ಸಂಕಲನದ ಮೇಜಿನ ಮೇಲೆ ಎಷ್ಟು ಕೆಲಸ ನಡೆದಿದೆ ಎಂಬ ಅಂದಾಜು ಸಿಗುತ್ತದೆ. ಹುಡುಗ ಮೇಲಿನಿಂದ ಇಣುಕುತ್ತಾನೆ, ಕತ್ತರಿ, ಕಳ್ಳ ಕೆಳಗೆ ಬೀಳುತ್ತಾನೆ, ಕತ್ತರಿ, ಹುಡುಗ ನಗುತ್ತಾನೆ. ಈ ಲಯ ನಮಗೆ ಇಷ್ಟವಾದದ್ದೇ ಆ ಅನಿವಾರ್ಯತೆಯಿಂದ ಇರಬಹುದು.

ಇಲಿನಾಯ್ ಕನ್ನಡಿಗ
ನಾನು ಚಿಕಾಗೋದ ಉತ್ತರದ ಉಪನಗರಗಳ ಕಡೆ ಇರುವವನು, ಆದ್ದರಿಂದ ಸ್ಥಳಗಳ ಬಗ್ಗೆ ಸ್ವಲ್ಪ ಹೇಳಬಲ್ಲೆ. ಕೆಂಪು ಇಟ್ಟಿಗೆಯ ಆ ಮನೆ ವಿನೆಟ್ಕಾದ ಲಿಂಕನ್ ಅವೆನ್ಯೂದಲ್ಲಿದೆ. ಆದರೆ ಒಳಾಂಗಣದ ಬಹುಪಾಲನ್ನು ಅಲ್ಲಿ ಚಿತ್ರೀಕರಿಸಿಲ್ಲ. ನಾರ್ತ್‌ಫೀಲ್ಡ್‌ನಲ್ಲಿ ಮುಚ್ಚಿಹೋಗಿದ್ದ ನ್ಯೂ ಟ್ರಿಯರ್ ವೆಸ್ಟ್ ಎಂಬ ಹೈಸ್ಕೂಲಿನ ವ್ಯಾಯಾಮ ಮಂದಿರದಲ್ಲಿ ಎರಡು ಅಂತಸ್ತಿನ ಸೆಟ್ ಹಾಕಿದ್ದರು. ಕಳ್ಳರು ನಲ್ಲಿ ತಿರುಗಿಸಿ ನೀರು ತುಂಬಿಸಿದ ಮರ್ಫಿಯವರ ಮನೆಯ ನೆಲಮಾಳಿಗೆ ಇದೆಯಲ್ಲ, ಅದನ್ನು ಅದೇ ಶಾಲೆಯ ಈಜುಕೊಳದಲ್ಲಿ ಕಟ್ಟಿದ್ದು. ಹೊರಗಿನ ಗೋಡೆಯ ಉದ್ದಕ್ಕೂ ಒಳಗಿನ ಕೋಣೆಗಳ ಜೋಡಣೆಗೂ ತಾಳೆ ಹಾಕಿ ತಪ್ಪು ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೆವಿನ್ ಮತ್ತು ನೆರೆಮನೆಯ ಮುದುಕ ಮಾರ್ಲಿ ಮಾತನಾಡುವ ಚರ್ಚು ಕೂಡ ಒಂದಲ್ಲ, ಎರಡು. ಹೊರನೋಟ ವಿಲ್ಮೆಟ್‌ನ ಟ್ರಿನಿಟಿ ಯುನೈಟೆಡ್ ಮೆಥಡಿಸ್ಟ್ ಚರ್ಚಿನದು, ಒಳಗಿನದು ಓಕ್ ಪಾರ್ಕ್‌ನ ಗ್ರೇಸ್ ಎಪಿಸ್ಕೋಪಲ್ ಚರ್ಚಿನದು. ಬಾಗಿಲು ತೆರೆದು ಒಂದು ಊರಿನಿಂದ ಇನ್ನೊಂದು ಊರಿಗೆ ಕಾಲಿಟ್ಟಂತಾಯಿತು. ಪ್ಯಾರಿಸ್‌ನ ಓರ್ಲಿ ವಿಮಾನ ನಿಲ್ದಾಣವೆಂದು ತೋರಿಸಿದ್ದು ಚಿಕಾಗೋದ ಓಹೇರ್ ನಿಲ್ದಾಣದ್ದೇ ಇನ್ನೊಂದು ಭಾಗ. ಇಡೀ ಚಿತ್ರದ ಖರ್ಚು 18 ಮಿಲಿಯನ್ ಡಾಲರ್ ಎಂಬುದನ್ನೂ, ಖರ್ಚು ಹೆಚ್ಚಾಗುತ್ತಿದೆ ಎಂದು ವಾರ್ನರ್ ಬ್ರದರ್ಸ್ ಕೈಬಿಟ್ಟ ಮೇಲೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಎತ್ತಿಕೊಂಡಿತು ಎಂಬುದನ್ನೂ ಗಮನದಲ್ಲಿಟ್ಟರೆ ಪ್ಯಾರಿಸ್‌ಗೆ ಯಾಕೆ ಹೋಗಲಿಲ್ಲ ಎಂದು ಕೇಳುವುದು ಸರಿಯಲ್ಲ. ಗಳಿಕೆ ಕೊನೆಗೆ 476 ಮಿಲಿಯನ್ ದಾಟಿತು.

ಶರಾವತಿ ತೀರ
ಹಿಮವೂ ನಿಜವಾದದ್ದಲ್ಲ ಎಂದು ಕೇಳಿದ್ದೇನೆ, ಹೌದೇ?

ಇಲಿನಾಯ್ ಕನ್ನಡಿಗ
ಬಹಳಷ್ಟು ಕಡೆ ಕೃತಕ ಹಿಮವೇ. ಚಿತ್ರೀಕರಣ ನಡೆದದ್ದು 1990ರ ಫೆಬ್ರುವರಿಯಿಂದ ಮೇ ತಿಂಗಳವರೆಗೆ, ಇಲ್ಲಿ ಏಪ್ರಿಲ್ ಬಂದರೆ ಹುಲ್ಲು ಹಸಿರಾಗತೊಡಗುತ್ತದೆ. ಆ ಕೃತಕ ಹಿಮವನ್ನು ಆಮೇಲೆ ಚಿಕಾಗೋದ ಲಿರಿಕ್ ಒಪೆರಾ ಸಂಸ್ಥೆಗೆ ಕೊಟ್ಟರು, ಅವರು ತಮ್ಮ ಪ್ರದರ್ಶನಗಳಲ್ಲಿ ಅದನ್ನು ಬಳಸಿಕೊಂಡರು.

ಸ್ಟೆತೊಸ್ಕೋಪು
ನಾನು ವೈದ್ಯೆ. ನನ್ನ ದೃಷ್ಟಿಯಲ್ಲಿ ಚಿತ್ರದ ಅತಿ ದೊಡ್ಡ ತಪ್ಪು ಕಳ್ಳರು ಬದುಕಿ ಉಳಿದದ್ದು. ಅಮೆರಿಕದ ಒಂದು ಗ್ಯಾಲನ್ ಬಣ್ಣದ ಡಬ್ಬ ತುಂಬಿದ್ದರೆ ಸುಮಾರು 5 ಕಿಲೋ ತೂಗುತ್ತದೆ. ಮೇಲಿನ ಅಂತಸ್ತಿನಿಂದ ಹಗ್ಗದಲ್ಲಿ ತೂಗಿಬಂದಾಗ 3 ಮೀಟರ್ ಇಳಿದಿದೆ ಎಂದುಕೊಂಡರೂ ಅದರ ವೇಗ ಗಂಟೆಗೆ 28 ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ. ಅದು ನೇರವಾಗಿ ಮುಖಕ್ಕೆ ಬಡಿದರೆ ಮೂಗು, ಕೆನ್ನೆಯ ಮೂಳೆ, ಕಣ್ಣಿನ ಗೂಡು ಯಾವುದೂ ಉಳಿಯುವುದಿಲ್ಲ. ಚಿತ್ರದಲ್ಲಿ ಹ್ಯಾರಿಗೆ ಹೋಗುವುದು ಒಂದು ಚಿನ್ನದ ಹಲ್ಲು. ಬಟ್ಟೆ ಎಸೆಯುವ ಕೊಳವೆಯಿಂದ ಇಸ್ತ್ರಿಪೆಟ್ಟಿಗೆ ಮುಖದ ಮೇಲೆ ಬಿದ್ದ ಮಾರ್ವ್ ಅರೆಗಳಿಗೆಯಲ್ಲಿ ಎದ್ದು ಓಡಾಡುತ್ತಾನೆ, ಮೊಳೆ ಚುಚ್ಚಿದ ಅದೇ ಪಾದವನ್ನು ಗಾಜಿನ ಅಲಂಕಾರಗಳ ಮೇಲೂ ಇಡುತ್ತಾನೆ. ಮಕ್ಕಳು ಇದನ್ನು ನೋಡಿ ಅನುಕರಿಸಿದರೆ ಎಂಬ ಭಯ ನನಗೆ ಈಗಲೂ ಇದೆ.

ಬಯಲಾಟದ ಭಾಗವತ
ಡಾಕ್ಟರೇ, ಬಯಲಾಟದ ರಕ್ಕಸ ಗದೆಯ ಪೆಟ್ಟು ತಿಂದು ಎದ್ದು ಮತ್ತೆ ಕುಣಿಯುವುದಿಲ್ಲವೇ? ಇದು ಕಾರ್ಟೂನಿನ ನಿಯಮಕ್ಕೆ ಒಳಪಟ್ಟ ಲೋಕ, ಅಲ್ಲಿ ಪೆಟ್ಟಿಗೆ ನೋವುಂಟು, ಗಾಯವಿಲ್ಲ. ಅದನ್ನು ತಪ್ಪಿನ ಪಟ್ಟಿಗೆ ಸೇರಿಸಿದರೆ ಹಾಸ್ಯವನ್ನೇ ಸೇರಿಸಿದಂತಾಗುತ್ತದೆ.

ಸ್ಟೆತೊಸ್ಕೋಪು
ನಿಯಮ ಒಪ್ಪಿದೆ, ಆದರೆ ಚಿತ್ರ ಆ ನಿಯಮವನ್ನು ತಾನೇ ಮುರಿಯುತ್ತದೆ. ಕಾದ ಬಾಗಿಲಿನ ಹಿಡಿಯನ್ನು ಮುಟ್ಟಿದ ಹ್ಯಾರಿಯ ಅಂಗೈಯಲ್ಲಿ ಆಂಗ್ಲ ಅಕ್ಷರ ‘ಎಂ’ ಅಚ್ಚೊತ್ತಿ ಉಳಿಯುತ್ತದೆ. ಒಂದು ಕಡೆ ಗಾಯವಿಲ್ಲ ಎನ್ನುವುದು, ಇನ್ನೊಂದು ಕಡೆ ಕ್ಯಾಮೆರಾವನ್ನು ಹತ್ತಿರ ತಂದು ಬೊಬ್ಬೆಯನ್ನು ತೋರಿಸುವುದು, ಎರಡೂ ಒಟ್ಟಿಗೆ ಹೇಗೆ ಆಗುತ್ತದೆ?

ಲೇತ್ ಮತ್ತು ಲೋಹ
ಆ ಹಿಡಿಯ ವಿಷಯದಲ್ಲಿ ಇರುವ ನಿಜವಾದ ಪ್ರಶ್ನೆ ಬೇರೆ. ಕೆವಿನ್ ಇದ್ದಿಲು ಹೊತ್ತಿಸುವ ಎಲೆಕ್ಟ್ರಿಕ್ ಕಾಯಿಲನ್ನು ಒಳಗಿನ ಹಿಡಿಗೆ ತಗುಲಿಹಾಕುತ್ತಾನೆ, ಕೆಂಪಾಗಿ ಹೊಳೆಯುವುದು ಹೊರಗಿನ ಹಿಡಿ. ಲೋಹ ಕತ್ತಲಲ್ಲಿ ಮಂಕಾಗಿಯಾದರೂ ಕೆಂಪು ಕಾಣಬೇಕೆಂದರೆ ಸುಮಾರು 525 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಎರಡು ಹಿಡಿಗಳ ನಡುವೆ ಇರುವುದು ಬೆರಳಿಗಿಂತ ಸಣ್ಣ ಉಕ್ಕಿನ ಕಡ್ಡಿ. ಅದರ ಮೂಲಕ ಅಷ್ಟು ಶಾಖ ಹರಿದು, ಹೊರಗಿನ ಚಳಿಯನ್ನೂ ಮೀರಿ, ಹೊರಹಿಡಿ ಕೆಂಪಾಗುವ ಮೊದಲೇ ಸುತ್ತಲಿನ ಮರ ಹೊಗೆಯಾಡಬೇಕು. ಬಾಗಿಲಿನ ಬಣ್ಣವೂ ಕದಲದೆ ಹಾಗೆಯೇ ಇರುವುದು ನನ್ನ ಪ್ರಕಾರ ಅಸಲಿ ತಪ್ಪು.

ತರ್ಕಶಾಸ್ತ್ರಿ
ಅಚ್ಚೊತ್ತಿದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಇರಬೇಕಿತ್ತು ಎಂಬುದನ್ನೂ ಸೇರಿಸಿಕೊಳ್ಳಿ.

ಲೆಕ್ಕದ ಮೇಷ್ಟ್ರು
‘ಎಂ’ ಅಕ್ಷರವನ್ನು ಎಡಬಲ ತಿರುಗಿಸಿ ನೋಡಿ ಶಾಸ್ತ್ರಿಗಳೇ.

ಹಳೆಯ ರೀಲು
ಗಾಜಿನ ಅಲಂಕಾರಗಳ ವಿಷಯ ಬಂದದ್ದರಿಂದ ಹೇಳುತ್ತೇನೆ, ಮಾರ್ವ್ ಪಾತ್ರದ ಡೇನಿಯಲ್ ಸ್ಟರ್ನ್ ಆ ದೃಶ್ಯದಲ್ಲಿ ಬರಿಗಾಲಿನಂತೆ ಕಾಣುವ ರಬ್ಬರ್ ಪಾದಗಳನ್ನು ಹಾಕಿಕೊಂಡಿದ್ದರು. ಆದರೆ ಅವರ ಮುಖದ ಮೇಲೆ ಹರಿದಾಡಿದ ಜೇಡ ಮಾತ್ರ ನಿಜವಾದ ಟರಾಂಟುಲಾ. ಅದು ಬೆದರದಿರಲಿ ಎಂದು ಸ್ಟರ್ನ್ ಸದ್ದಿಲ್ಲದೆ ಬಾಯಿ ತೆರೆದು ಕಿರುಚುವಂತೆ ನಟಿಸಿದರು, ನಾವು ಕೇಳುವ ಕೂಗನ್ನು ಆಮೇಲೆ ಸೇರಿಸಿದ್ದು. ಬಾಯಿಗೂ ಧ್ವನಿಗೂ ಕೂದಲೆಳೆಯ ಅಂತರ ಕಾಣುತ್ತದೆ ಎಂದು ಯಾರಾದರೂ ದೂರಿದರೆ, ಕಾರಣ ಇದು.

ಕರಾವಳಿ ಕುವರಿ
ಜೇಡಕ್ಕೆ ನಮ್ಮಂತೆ ಕಿವಿಯಿಲ್ಲ, ಕಾಲಿನ ರೋಮಗಳಿಂದ ಕಂಪನವನ್ನು ಗ್ರಹಿಸುತ್ತದೆ. ಹಾಗಾಗಿ ಮುಖದ ಮೇಲೆಯೇ ಕೂತಿರುವಾಗ ಕಿರುಚದಿರುವುದು ಇನ್ನೂ ಹೆಚ್ಚು ಜಾಣತನ.

ಹ್ಯಾರಿಯಾಗಿ ನಟಿಸಿದ ಜೋ ಪೆಷಿಯ ಗೊಣಗಾಟದ ಬಗ್ಗೆ ಯಾರೂ ಬರೆಯಲಿಲ್ಲವಲ್ಲ? ಬೈಗುಳ ತುಂಬಿದ ಪಾತ್ರಗಳಿಗೆ ಹೆಸರಾದ ನಟ ಮಕ್ಕಳ ಚಿತ್ರದಲ್ಲಿ ಬೈಯುವಂತಿರಲಿಲ್ಲ, ಅದಕ್ಕೆ ಬದಲಾಗಿ ಅರ್ಥವಿಲ್ಲದ ಆ ಗೊಣಗಾಟವನ್ನು ಕಂಡುಕೊಂಡರು. ಹುಡುಗನಿಗೆ ತನ್ನ ಬಗ್ಗೆ ನಿಜವಾದ ಭಯವಿರಲಿ ಎಂದು ಸೆಟ್‌ನಲ್ಲಿ ಅವನಿಂದ ದೂರವೇ ಇರುತ್ತಿದ್ದರಂತೆ. ಕೆವಿನ್‌ನನ್ನು ಬಾಗಿಲಿಗೆ ನೇತುಹಾಕುವ ದೃಶ್ಯದ ತಾಲೀಮಿನಲ್ಲಿ ಪೆಷಿ ಬೆರಳನ್ನು ನಿಜವಾಗಿಯೇ ಕಚ್ಚಿದ್ದರು, ಗುರುತು ಉಳಿದಿದೆ ಎಂದು ಕಲ್ಕಿನ್ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ.

ಚಿತ್ರಮಂದಿರದ ಮೂಲೆ
ಕೆವಿನ್ ವಿಡಿಯೋ ಕ್ಯಾಸೆಟ್‌ನಲ್ಲಿ ಹಾಕಿ ನೋಡುವ, ಪಿಜ್ಜಾ ಹುಡುಗನನ್ನು ಹೆದರಿಸಲು ಬಳಸುವ ಕಪ್ಪುಬಿಳುಪಿನ ಗೂಂಡಾ ಚಿತ್ರ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಹೇಳುತ್ತೀರಾ? ಹಳೆಯ ಹಾಲಿವುಡ್ ಚಿತ್ರಗಳ ಸಂಗ್ರಹಗಳಲ್ಲೆಲ್ಲ ಹುಡುಕಿ ಸಾಕಾಗಿದೆ.

ಎಡಿಟಿಂಗ್ ಮೇಜು
@ಚಿತ್ರಮಂದಿರದ ಮೂಲೆ, ಎಲ್ಲಿಯೂ ಸಿಗುವುದಿಲ್ಲ, ಅಂಥ ಚಿತ್ರವೇ ಇಲ್ಲ. ಅಷ್ಟು ತುಣುಕನ್ನು ಇದೇ ಚಿತ್ರಕ್ಕಾಗಿ 1930 ಮತ್ತು 40ರ ದಶಕದ ಗೂಂಡಾ ಚಿತ್ರಗಳ ಶೈಲಿಯಲ್ಲಿ, ಅದೇ ಬಗೆಯ ನೆರಳುಬೆಳಕು ಹಾಕಿ ತೆಗೆದರು. ಹೆಸರನ್ನೂ ಆ ಕಾಲದ ಒಂದು ಪ್ರಸಿದ್ಧ ಚಿತ್ರದ ಹೆಸರನ್ನು ಅಣಕಿಸುವಂತೆ ಇಟ್ಟರು. ಇಷ್ಟು ವರ್ಷಗಳ ನಂತರವೂ ಜನ ಹುಡುಕುತ್ತಿದ್ದಾರೆ ಎಂದರೆ ಛಾಯಾಗ್ರಾಹಕ ಜೂಲಿಯೋ ಮಕಾಟ್ ಅವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಡ.

ಶರಾವತಿ ತೀರ
ವಿಮಾನ ನಿಲ್ದಾಣದಲ್ಲಿ ಕೇಟ್ ವಾದ ಮಾಡುವಾಗ ಅವಳ ಹಿಂದೆ ಗಡ್ಡ ಬಿಟ್ಟು ನಿಂತವನು ಎಲ್ವಿಸ್ ಪ್ರೀಸ್ಲಿ ಎಂದು ನಂಬುವವರೂ ಇದ್ದಾರೆ.

ಲೆಕ್ಕದ ಮೇಷ್ಟ್ರು
ಎಲ್ವಿಸ್ ತೀರಿಕೊಂಡದ್ದು 1977ರಲ್ಲಿ. ನಿರ್ದೇಶಕರೂ ಕಲ್ಕಿನ್ ಅವರೂ ಕೂತು ಮಾತನಾಡುತ್ತ ಈ ವದಂತಿಯನ್ನು ನಗೆಯಾಡಿ ತಳ್ಳಿಹಾಕಿದ್ದಾರೆ. ಆ ದೃಶ್ಯದಲ್ಲಿ ನೋಡಬೇಕಾದವರು ಪೋಲ್ಕಾ ವಾದ್ಯದವನಾಗಿ ಬರುವ ಜಾನ್ ಕ್ಯಾಂಡಿ. ಅವರ ಪಾತ್ರದ ಚಿತ್ರೀಕರಣವೆಲ್ಲ 23 ಗಂಟೆಗಳ ಒಂದೇ ದಿನದಲ್ಲಿ ಮುಗಿಯಿತು, ಸಂಭಾವನೆ 414 ಡಾಲರ್, ಮಗನನ್ನು ಶವಸಂಸ್ಕಾರದ ಅಂಗಡಿಯಲ್ಲಿ ಬಿಟ್ಟುಬಂದ ಕಥೆ ಅವರು ಸ್ಥಳದಲ್ಲೇ ಕಟ್ಟಿದ್ದು. ತನ್ನ ಮಗನನ್ನು ಮರೆತು ಬಂದ ತಾಯಿಗೆ ಸಮಾಧಾನವೆಂದು ಅದನ್ನು ಹೇಳುವಾಗ ಕ್ಯಾಥರೀನ್ ಓಹಾರಾ ಅವರ ಮುಖದಲ್ಲಿ ನಗು ಮತ್ತು ಗಾಬರಿ ಒಟ್ಟಿಗೆ ಓಡಾಡುವುದನ್ನು ನೋಡಿ.

ಲೆಕ್ಕದ ಒಂದು ಮಾತು ಇನ್ನೂ ಬಾಕಿಯಿದೆ. ಆರಂಭದಲ್ಲಿ ಬರುವ ಪಿಜ್ಜಾ ಬಿಲ್ಲು 122 ಡಾಲರ್ 50 ಸೆಂಟ್. ಹತ್ತು ಪಿಜ್ಜಾ, ತಲಾ ಹನ್ನೆರಡು ಡಾಲರ್ ಎಂದು ಮಾತಿನಲ್ಲಿ ಬರುತ್ತದೆ, ಅಲ್ಲಿಗೆ 120 ಮಾತ್ರ. ಉಳಿದ ಎರಡೂವರೆ ಡಾಲರ್ ಎಲ್ಲಿಂದ ಬಂತು ಎಂದು ಕೇಳುವವರಿಗೆ, ಬಾಯಿಮಾತಿನಲ್ಲಿ ಚಿಲ್ಲರೆ ಬಿಟ್ಟು ಹೇಳುವ ಅಭ್ಯಾಸ ಎಲ್ಲ ದೇಶದಲ್ಲೂ ಇದೆ ಎಂದು ಹೇಳಿ ಸುಮ್ಮನಾಗುವುದು ಒಳ್ಳೆಯದು. ಆಮೇಲೆ ಕೆವಿನ್ ಒಬ್ಬನೇ ತರಿಸುವ ಚೀಸ್ ಪಿಜ್ಜಾದ ಬೆಲೆ 11 ಡಾಲರ್ 80 ಸೆಂಟ್, ಅದು ಹನ್ನೆರಡಕ್ಕೆ ಹತ್ತಿರವೇ ಇದೆ.

ತರ್ಕಶಾಸ್ತ್ರಿ
ಸಣ್ಣಪುಟ್ಟದ್ದಕ್ಕೆಲ್ಲ ನೀವು ಸಮರ್ಥನೆ ಹುಡುಕುತ್ತಿದ್ದೀರಿ. ಹಾಗಾದರೆ ಸಮಯದ ಬಗ್ಗೆ ಹೇಳಿ. ಹುಡುಗ ಸಂಜೆ ಚರ್ಚಿನಲ್ಲಿ ಕೂತು ಮಾರ್ಲಿಯ ಸಂಸಾರದ ಕಷ್ಟಸುಖ ಕೇಳುತ್ತಾನೆ, ರಾತ್ರಿ ಒಂಬತ್ತಕ್ಕೆ ಗಡಿಯಾರ ಬಾರಿಸುವಾಗ ಊಟದ ಮುಂದೆ ಕೂತಿರುತ್ತಾನೆ. ಅಷ್ಟರೊಳಗೆ ಮೆಟ್ಟಿಲಿಗೆಲ್ಲ ಡಾಂಬರು, ಹೊರಮೆಟ್ಟಿಲಿಗೆ ಮಂಜುಗಡ್ಡೆ, ಬಣ್ಣದ ಡಬ್ಬ, ಅಂಟು ಮತ್ತು ಗರಿ, ಆಟಿಕೆ ಕಾರುಗಳ ಸಾಲು, ಇವನ್ನೆಲ್ಲ ಎಂಟು ವರ್ಷದ ಹುಡುಗ ಒಬ್ಬನೇ ಸಿದ್ಧಪಡಿಸಿದ್ದು ನಂಬುವ ಮಾತೇ? ಮೇಲಾಗಿ ನೀರು ಅಷ್ಟು ಬೇಗ ಹೆಪ್ಪುಗಟ್ಟುತ್ತದೆಯೇ?

ಇಲಿನಾಯ್ ಕನ್ನಡಿಗ
ನೀರಿನ ಬಗ್ಗೆ ನಿಮಗೆ ಅನುಮಾನ ಬೇಡ. ಕ್ರಿಸ್‌ಮಸ್ ಹೊತ್ತಿನ ರಾತ್ರಿ ಇಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿದ್ದು ಗಾಳಿಯೂ ಬೀಸುತ್ತಿದ್ದರೆ, ಮೊದಲೇ ಕೊರೆಯುತ್ತಿರುವ ಮೆಟ್ಟಿಲಿನ ಮೇಲೆ ತೆಳ್ಳಗೆ ಹರಡಿದ ನೀರು ಗಟ್ಟಿಯಾಗಲು ಒಂದು ಗಂಟೆ ಬೇಕಾಗುವುದಿಲ್ಲ. ಅದಕ್ಕಾಗಿಯೇ ನಾವು ಬಾಗಿಲ ಬಳಿ ಉಪ್ಪಿನ ಚೀಲ ಇಟ್ಟುಕೊಂಡಿರುತ್ತೇವೆ. ಡಾಂಬರಿನ ವಿಷಯ ನೀವೇ ನೋಡಿಕೊಳ್ಳಿ.

ಬಯಲಾಟದ ಭಾಗವತ
ಒಂದು ಗಂಟೆ ಎನ್ನುವುದನ್ನು ಬಿಡಿ, ಬಣ್ಣದ ಕಡ್ಡಿಯಲ್ಲಿ ಅಷ್ಟು ಚಂದದ ಯುದ್ಧದ ನಕ್ಷೆ ಬರೆಯುವುದಕ್ಕೇ ನನಗೆ ಒಂದು ಗಂಟೆ ಬೇಕು. ಆ ನಕ್ಷೆಯನ್ನು ಕಲ್ಕಿನ್ ಅವರೇ ಬರೆದದ್ದೆಂದು ಹೇಳುತ್ತಾರೆ.

ತರ್ಕಶಾಸ್ತ್ರಿ
ಸಿದ್ಧತೆ ಹೋಗಲಿ, ಸ್ವಚ್ಛತೆ? ಕಳ್ಳರನ್ನು ಪೊಲೀಸರು ಎಳೆದೊಯ್ದ ಮಾರನೆಯ ಬೆಳಿಗ್ಗೆ ತಾಯಿ ಬಾಗಿಲು ತೆರೆದಾಗ ಮನೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಗರಿ ಇಲ್ಲ, ಬಣ್ಣವಿಲ್ಲ, ಒಡೆದ ಗಾಜಿಲ್ಲ. ಇದಕ್ಕೆ ಯಾವ ಇಲಾಖೆಯಿಂದ ನಿವೃತ್ತರಾದವರು ಉತ್ತರ ಕೊಡುತ್ತೀರಿ?

ಕರಾವಳಿ ಕುವರಿ
ಗೃಹಿಣಿಯರ ಇಲಾಖೆಯಿಂದ ನಾನು ಕೊಡುತ್ತೇನೆ, ಇನ್ನೂ ನಿವೃತ್ತಿಯಾಗಿಲ್ಲ. ಅವನು ಗುಡಿಸಿದ್ದು ಬಂದವರ ಕಣ್ಣಿಗೆ ಬೀಳುವ ಜಾಗಗಳನ್ನು ಮಾತ್ರ, ಅದು ಹಬ್ಬದ ಹಿಂದಿನ ರಾತ್ರಿ ನಾವೆಲ್ಲ ಮಾಡುವ ಕೆಲಸವೇ. ಅಪ್ಪನಿಗೆ ನೆಲದ ಮೇಲೆ ಹ್ಯಾರಿಯ ಚಿನ್ನದ ಹಲ್ಲು ಸಿಗುತ್ತದೆ, ಇದೇನೆಂದು ಹೆಂಡತಿಯನ್ನು ಕೇಳುತ್ತಾನೆ. ಬಜ್‌ನ ಕೋಣೆಯಲ್ಲಿ ಕುಸಿದ ಕಪಾಟು ಕುಸಿದಂತೆಯೇ ಇರುತ್ತದೆ, ಚಿತ್ರ ಮುಗಿಯುವುದೇ ನನ್ನ ಕೋಣೆಯನ್ನು ಏನು ಮಾಡಿಟ್ಟಿದ್ದೀಯ ಎಂದು ಅವನು ಕೂಗುವುದರೊಂದಿಗೆ. ಹುಡುಗನ ಕೆಲಸ ಅರೆಬರೆಯಾಗಿದೆ ಎಂದು ಚಿತ್ರವೇ ಎರಡು ಸಲ ಹೇಳುತ್ತಿರುವಾಗ ಅದು ಹೇಗೆ ಲೋಪವಾಗುತ್ತದೆ?

ತರ್ಕಶಾಸ್ತ್ರಿ
ನೆಲಮಾಳಿಗೆಯ ಮೆಟ್ಟಿಲಿಗೆ ಬಳಿದ ಡಾಂಬರನ್ನು ಒಂದೇ ರಾತ್ರಿಯಲ್ಲಿ ಕೆರೆದು ತೆಗೆದನೆಂದು ನಾನು ಸತ್ತರೂ ಒಪ್ಪುವುದಿಲ್ಲ ಮೇಡಂ.

ಕರಾವಳಿ ಕುವರಿ
ತೆಗೆದನೆಂದು ನಾನೆಲ್ಲಿ ಹೇಳಿದೆ? ಚಿತ್ರ ಮುಗಿಯುವ ಹೊತ್ತಿಗೆ ನೆಲಮಾಳಿಗೆಗೆ ಇನ್ನೂ ಯಾರೂ ಇಳಿದಿರುವುದಿಲ್ಲ.